ಯಾಕೆ ಬೇಕು? ಕಾರಣ ಹೇಳಿ

ನಮ್ಮ ಚಿಕ್ಕಪ್ಪನ ಬಾಯಿಂದ ಒಂದು ವಿಷಯ ಹೊರಡಿಸುವವರು ಬಸವೇಶ್ವರನಗರದಲ್ಲಿ ಇನ್ನೂ ಹುಟ್ಟಿಲ್ಲ! ದೊಡ್ಡ ಗುಟ್ಟೇನೂ ಬೇಡ, ಗಂಟೆ ಎಷ್ಟು ಎಂದು ಕೇಳಿ ನೋಡಿ. ಮೊದಲು ಕೈಗಡಿಯಾರ ನೋಡುತ್ತಾರೆ, ಆಮೇಲೆ ನಿಮ್ಮ ಮುಖ ನೋಡುತ್ತಾರೆ. "ಯಾಕೆ ಬೇಕು? ಕಾರಣ ಹೇಳಿ."

ಅವರದೇನೂ ತಪ್ಪಿಲ್ಲ ಬಿಡಿ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ನೌಕರರ ಫೈಲುಗಳ ಬೀರು ಕಾಯುವುದೇ ಅವರ ಕೆಲಸ. ವರ್ಷಗಟ್ಟಲೆ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಓಡಾಡಿದರೆ ಯಾರಾದರೂ ಹಾಗೆಯೇ ಆಗುತ್ತಾರೆ. ಆದರೆ ಆ ಚಾಳಿ ಮನೆಗೂ ಬಂದರೆ ಹೇಗೆ? ಒಂದು ದಿನ ಚಿಕ್ಕಮ್ಮ ಸೇಡು ತೀರಿಸಿಕೊಂಡರು. ಬೆಳಿಗ್ಗೆ ಚಿಕ್ಕಪ್ಪ "ತಿಂಡಿ ಏನೇ?" ಎಂದರು.

"ಯಾಕೆ ಬೇಕು? ಕಾರಣ ಹೇಳಿ."

"ಹೊಟ್ಟೆ ಹಸೀತಿದೆ ಕಣೇ!"

"ಕಾರಣ ಸರಿಯಾಗಿದೆ. ಅವಲಕ್ಕಿ."

ಚಿಕ್ಕಪ್ಪನಿಗೆ ಸಿಟ್ಟು ಬರಬೇಕಲ್ಲವೇ? ಎಲ್ಲಿ ಬಂತು! ಹೆಂಡತಿ ಕೊನೆಗೂ ಕಲಿತಳೆಂದು ಖುಷಿಯಾಗಿ ಎರಡು ಸಲ ಬಡಿಸಿಕೊಂಡರು.

ಹೇಳುವುದರಲ್ಲಿ ಮಾತ್ರವಲ್ಲ, ಕೇಳುವುದರಲ್ಲೂ ಅವರು ಮಹಾ ಜಿಪುಣರು. ಹೊಸದಾಗಿ ಬಂದ ಮ್ಯಾನೇಜರು ಕೆಲಸಕ್ಕೆ ಸೇರುವ ಹೆಂಗಸರ ಫಾರಂನಲ್ಲಿ 'ಗಂಡನ ಉದ್ಯೋಗವೇನು' ಎಂಬ ಪ್ರಶ್ನೆ ಸೇರಿಸಿದ್ದರಂತೆ. ಚಿಕ್ಕಪ್ಪ ಕೆಂಪು ಇಂಕಿನಲ್ಲಿ ಹೊಡೆದುಹಾಕಿದರು. "ಪ್ಯಾಕಿಂಗ್ ಮಾಡೋದು ಅವಳು. ಗಂಡನ ವಿಷ್ಯ ನಮಗ್ಯಾಕೆ ಸಾರ್?" ಅದೇ, ರಕ್ತದ ಗುಂಪು ಬರೆಯದೆ ಬಂದವರನ್ನು ಗೇಟಿನೊಳಗೇ ಬಿಡುತ್ತಿರಲಿಲ್ಲ!

ಆ ಕಾರ್ಖಾನೆಗೆ ಕೊನೆಗೆ ನಾನೂ ಸೇರಿದೆ. ಫಾರಂನಲ್ಲಿ 'ಕಾಯಿಲೆ ಏನಾದರೂ ಇದೆಯೇ' ಎನ್ನುವ ಜಾಗವನ್ನು ಖಾಲಿ ಬಿಟ್ಟಿದ್ದೆ. ನನಗೆ ಆಗಾಗ ಫಿಟ್ಸ್ ಬರುತ್ತಿತ್ತು. ಅಮ್ಮ, ನಾನು, ಡಾಕ್ಟರು ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ. "ಚಿಕ್ಕಪ್ಪಂಗೂ ಗೊತ್ತಾಗ್ಬಾರ್ದು ಕಣೇ. ಕೆಲ್ಸಾನೂ ಹೋಗುತ್ತೆ, ನಾಳೆ ಮದುವೆಗೂ ತೊಂದ್ರೆ" ಎಂದು ಅಮ್ಮ ನನ್ನ ಕೈ ಹಿಡಿದು ಹೇಳಿ ಕಳಿಸಿದ್ದಳು.

ಚಿಕ್ಕಪ್ಪ ಆ ಖಾಲಿ ಜಾಗದ ಮೇಲೆ ಬೆರಳಿಟ್ಟರು. ನಾನು ಬಿಡುತ್ತೇನೆಯೇ? "ಯಾಕೆ ಬೇಕು ಚಿಕ್ಕಪ್ಪ? ಕಾರಣ ಹೇಳಿ!" ಎಂದೆ.

ಅವರು ನಗಲಿಲ್ಲ. "ನಿನ್ನನ್ನ ಪ್ರೆಸ್ ಮೆಷಿನ್ ಮುಂದೆ ಕೂರಿಸ್ತಾರೆ ಕಣಮ್ಮ. ಒಂದು ಗಳಿಗೆ ಎಚ್ಚರ ತಪ್ಪಿದ್ರೆ ಕೈ ಹೋಗುತ್ತೆ. ಅದಕ್ಕೆ ಕೇಳ್ತಿದೀನಿ, ಇನ್ಯಾವುದಕ್ಕೂ ಅಲ್ಲ."

ಅಳುತ್ತಲೇ ಎಲ್ಲವನ್ನೂ ಬರೆದೆ, ರಾತ್ರಿ ಎಂಟಕ್ಕೆ ತಪ್ಪದೆ ಮಾತ್ರೆ ನುಂಗಬೇಕೆಂಬುದನ್ನೂ. ಅವರು ಓದಿ, ಕವರಿಗೆ ಹಾಕಿ ಅಂಟಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಾರನೆಯ ದಿನವೇ ನನ್ನನ್ನು ಮೆಷಿನ್ನುಗಳಿಂದ ದೂರ, ಚೆಕಿಂಗ್ ಟೇಬಲ್ಲಿಗೆ ಹಾಕಿಸಿದರು.

ಜನ ಸುಮ್ಮನಿರುತ್ತಾರೆಯೇ? "ಅಣ್ಣನ ಮಗಳಲ್ವಾ ಗುರು, ಆರಾಮಾಗಿರೋ ಕೆಲ್ಸ ಕೊಡ್ಸಿದಾರೆ!" ಎಂದು ಕ್ಯಾಂಟೀನಿನಲ್ಲಿ ಅವರಿಗೆ ಕೇಳಿಸುವಂತೆಯೇ ಆಡಿಕೊಂಡರು. ಹುಟ್ಟಿದಾಗಿನಿಂದ ಯಾರಿಗೂ ವಶೀಲಿ ಮಾಡದ ಮನುಷ್ಯ! ಮ್ಯಾನೇಜರೂ ಕರೆಸಿ, "ಅವಳಿಗೆ ಮಾತ್ರ ಯಾಕ್ರೀ?" ಎಂದರು. "ಅವಳಿಗೆ ಪ್ರೆಸ್ ಬೇಡ ಸಾರ್. ನಿಮಗೆ ಅಷ್ಟು ಗೊತ್ತಾದ್ರೆ ಸಾಕು" ಎಂದರಂತೆ ಚಿಕ್ಕಪ್ಪ. ಒಂದೇ ಒಂದು ಮಾತು ಹೇಳಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಹೇಳಲಿಲ್ಲ. ನನಗಂತೂ ಅವರ ಮುಖ ನೋಡಲು ಸಂಕಟವಾಗುತ್ತಿತ್ತು.

ಚಿಕ್ಕಪ್ಪನಿಗೆ ವಿಷಯ ಗೊತ್ತಿಲ್ಲವೆಂದೇ ಅಮ್ಮ ಇವತ್ತಿಗೂ ತಿಳಿದಿದ್ದಾಳೆ. ಕಳೆದ ಗೌರಿ ಹಬ್ಬದ ಸಂಜೆ ಎಲ್ಲರೂ ಅವರ ಮನೆಯಲ್ಲಿ ಸೇರಿ ಹರಟುತ್ತಿದ್ದೆವು. ಮಾತಿನ ಭರದಲ್ಲಿ ನಾನು ಮಾತ್ರೆಯನ್ನೇ ಮರೆತಿದ್ದೆ. ಇದ್ದಕ್ಕಿದ್ದಂತೆ ಚಿಕ್ಕಪ್ಪ ಕೈಗಡಿಯಾರ ನೋಡಿಕೊಂಡು, ಯಾರ ಮುಖವನ್ನೂ ನೋಡದೆ, ಗಟ್ಟಿಯಾಗಿ ಹೇಳಿದರು.

"ಗಂಟೆ ಎಂಟಾಯ್ತು."

ಚಿಕ್ಕಮ್ಮ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು. "ಅಯ್ಯೋ, ಯಾರ್ರೀ ಕೇಳಿದ್ರು ನಿಮ್ಮನ್ನ? ಯಾಕೆ ಹೇಳಿದ್ರಿ?"

ಚಿಕ್ಕಪ್ಪ ಕಾರಣ ಹೇಳಲಿಲ್ಲ. ನಾನು ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋದೆ. ಮಾತ್ರೆ ನುಂಗಿ, ಕಣ್ಣೊರೆಸಿಕೊಂಡು ಬಂದೆ.