ಮಾವನ ಬಳ್ಳಿಯ ವಂಶಪರೀಕ್ಷೆ

ದ್ರಾಕ್ಷಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ತಿಕೋಟಾದಲ್ಲಿ ಇಪ್ಪತ್ತೆಂಟು ವರ್ಷ ಬಳ್ಳಿ ಬೆಳೆಸಿದವನು ನಾನು! ಹೀಗಾಗಿ, ವಂಶವಾಹಿ ಗುರುತುಗಳಿಂದ ನಾಡತಳಿಗಳನ್ನು ಪತ್ತೆಹಚ್ಚಿ, ಒಳ್ಳೆಯವನ್ನು ಆರಿಸಿ ಬೆಳೆಸುತ್ತೇವೆಂದು ಪ್ರಯೋಗಾಲಯದ ಮೇಡಂ ಫೋನ್ ಮಾಡಿದಾಗ ಎದೆಯುಬ್ಬಿಸಿ ಒಪ್ಪಿಕೊಂಡೆ.

ನಮ್ಮ ತೋಟದ ಮೂಲೆಯಲ್ಲಿ ಒಂದು ಹಳೆಯ ಬಳ್ಳಿ ಇತ್ತು. ಕಾಖಂಡಕಿಯ ನನ್ನ ಮಾವ ತಮ್ಮ ಹಿತ್ತಲ ಬಳ್ಳಿಯ ಕಡ್ಡಿ ತಂದು, ನಮ್ಮಲ್ಲಿ ಎಲ್ಲರೂ ಮಾಡುವಂತೆ ಕಾಡುದ್ರಾಕ್ಷಿಯ ಬುಡಕ್ಕೆ ತಾವೇ ಕಸಿ ಕಟ್ಟಿದ್ದರು. ಈಗ ಮಾವನವರೂ ಇಲ್ಲ, ಅವರ ಹಿತ್ತಲ ಬಳ್ಳಿಯೂ ಇಲ್ಲ. ಆ ತಳಿ ಉಳಿದದ್ದು ಇದೊಂದರಲ್ಲೇ. ಅದರ ಗೊನೆಗಳನ್ನು ನನ್ನ ಹೆಂಡತಿ ಗೌರವ್ವ ಒಮ್ಮೆಯೂ ಮಾರಗೊಟ್ಟವಳಲ್ಲ.

"ಆ ಬಳ್ಳಿದು ಎಳೀ ಎಲಿ ಕಳಸ್ರಿ," ಅಂದರು ಅದರ ಕತೆ ಕೇಳಿದ ಮೇಡಂ. ನಾನೋ ಅಕ್ಟೋಬರಿನ ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ ಮುಗಿಸಿ, ಬಳ್ಳಿಗಳನ್ನೆಲ್ಲ ಬೋಳು ಮಾಡಿ ಕೂತಿದ್ದೆ. ಕಾಯುವ ತಾಳ್ಮೆ ಎಲ್ಲಿ? ಬುಡದಲ್ಲಿ ನಾಲ್ಕು ಚಿಗುರು ಕಂಡವು. ಬುಡವಾದರೇನು, ಅದೇ ಬಳ್ಳಿ ತಾನೇ! ಕಿತ್ತೆ, ಬರ್ಫಿನ ಗಡ್ಡೆಯಲ್ಲಿಟ್ಟೆ, ವಿಜಯಪುರದ ಗಾಂಧಿ ಚೌಕಕ್ಕೆ ಒಯ್ದು ಕೊರಿಯರ್ ಮಾಡಿದೆ. ನನ್ನ ಮದುವೆಯ ತಾಳಿಯನ್ನೂ ಅಷ್ಟು ಜೋಪಾನವಾಗಿ ತಂದಿರಲಿಲ್ಲ.

ಮತ್ತೆ ಎಲೆ ಕೇಳಿದರೆ ಇರಲಿ ಎಂದು ಆ ಚಿಗುರುಗಳಿಗೆ ಕೋಲು ನಿಲ್ಲಿಸಿ ಗೊಬ್ಬರ ಹಾಕಿದೆ.

"ಏನ್ರೀ ಇದು? ತಳದ ಚಿಗುರು ಮುರೀರಿ. ಮ್ಯಾಲಿನ ಬಳ್ಳಿ ಸೊರಗಾಕತ್ತೈತಿ," ಎಂದಳು ಗೌರವ್ವ.

"ಸುಮ್ನಿರ. ಅದು ವಿಜ್ಞಾನದ ಚಿಗುರು!"

"ನಮ್ಮಪ್ಪನ ಬಳ್ಳಿ ಒಣಗಸು ಅಂತ ಹೇಳೈತೇನು ನಿಮ್ಮ ವಿಜ್ಞಾನ?"

ಅವಳೇ ಮುರಿಯಲು ಹೋದಾಗ ಸುತ್ತ ಮುಳ್ಳಿನ ಬೇಲಿ ಹಾಕಿದೆ. ಮುಂದಿನ ಮಳೆಗಾಲದ ಹೊತ್ತಿಗೆ ವಿಜ್ಞಾನದ ಚಿಗುರು ಚಪ್ಪರ ಮುಟ್ಟಿತ್ತು. ಮಾವನ ಬಳ್ಳಿ ಒಣಗುತ್ತಿತ್ತು. ಆಗ ಬಂತು ಮೇಡಂ ಫೋನ್.

"ಯಜಮಾನ್ರ, ಇದು ನಾಡತಳಿ ಅಲ್ಲರಿ. ನಿಮ್ಮ ಕಡೆ ಎಲ್ಲಾರ ತೋಟದಾಗ ಬುಡಕ್ಕ ಇರತೈತಲ್ಲ, ಅದ ಕಾಡುದ್ರಾಕ್ಷಿ. ಎಲಿ ಕಸಿ ಕೆಳಗಿಂದ ಹರದೀರೇನು?"

ಯಪ್ಪಾ! ಕಸಿಯ ಗಂಟಿನ ಕೆಳಗಿರುವುದು ಬೇರೆಯೇ ಗಿಡ ಎಂದು ಬಬಲೇಶ್ವರದವರೆಗೂ ಹೋಗಿ ಹೊಸ ಬೆಳೆಗಾರರಿಗೆ ಪಾಠ ಹೇಳಿಬಂದವನು ನಾನೇ.

ವಿಷಯ ಕೇಳಿದ ಗೌರವ್ವ ಬೇಲಿ ಸರಿಸಿ ಒಳಹೊಕ್ಕಳು. ಚಾಕು ಹಿಡಿದು ಅಪ್ಪನ ಬಳ್ಳಿಯ ಕಡ್ಡಿಗಳನ್ನು ಒಂದೊಂದಾಗಿ ಕೆರೆದು ನೋಡಿದಳು. ಒಣ. ಒಣ. ಅದೂ ಒಣ. ಕಡೆಯದೊಂದರಲ್ಲಿ ಮಾತ್ರ ಹಸಿರು ಕಂಡಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ನಾನು ಸಾಕಿದ ಕಾಡುಚಿಗುರನ್ನು ಕತ್ತರಿಸಿ, ಸೀಳಿ, ಆ ಒಂದೇ ಕಡ್ಡಿಯನ್ನು ಅದಕ್ಕೆ ಕಸಿ ಕಟ್ಟತೊಡಗಿದಳು.

"ನಾ ಏನ್ ಮಾಡ್ಲಿ?" ಎಂದೆ.

"ಏನೂ ಮಾಡಬ್ಯಾಡ್ರಿ. ಕಡ್ಡಿಗೆ ನೆರಳಾಗುವಂಗ ನಿಂದ್ರಿ, ಸಾಕು."

ಅತ್ಯಂತ ಗಂಭೀರವಾಗಿ, ಕೈಕಟ್ಟಿಕೊಂಡು ನಿಂತೆ. ಅವಳು ಗಂಟು ಬಿಗಿಯುತ್ತಲೇ ನನ್ನ ಎದುರು ದಿಕ್ಕಿಗೆ ಗದ್ದ ತೋರಿಸಿದಳು.

"ಬಿಸಲು ಆ ಕಡಿಂದ ಬರಾಕತ್ತೈತ್ರಿ," ಅಂದಳು.