ಇರ್ಮಾಳ ಕಾರ್ಡು

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದು ರಬ್ಬರ್ ಬ್ಯಾಂಡು. ಹೇಜಲ್ಟನ್ ಊರಿನ ಚರ್ಚಿನ ಮುಂದೆ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತುವಾಗ ಅದು ಚೆಸ್ಟರ್ ವೊಯ್ನಾರನ ಎದೆಯ ಮೇಲೆ ಪಟ್ಟೆಂದು ಹರಿಯಿತು. ಕೊತ್ತಂಬರಿ ಕಟ್ಟಿಗೆ ಸುತ್ತಿ ಬಂದಿದ್ದನ್ನು ಅವನು ಬಿಚ್ಚಿ ಎತ್ತಿಟ್ಟುಕೊಂಡಿದ್ದು. ಎರಡು ವರ್ಷ ಬಾಳಿದ್ದೇ ಹೆಚ್ಚು.

ಅಟ್ಲಾಂಟಿಕ್ ಸಿಟಿಯ ಸಿಲ್ವರ್ ಹೆರನ್ ಕ್ಯಾಸಿನೋದವರು ಗಿರಾಕಿಗಳಿಗೆಲ್ಲ ಒಂದು ಪ್ಲಾಸ್ಟಿಕ್ ಕಾರ್ಡು ಕೊಡುತ್ತಾರೆ. ಅದನ್ನು ಆಟದ ಮಿಷನ್ನಿಗೆ ತೂರಿಸಿದರೆ ಯಾರು ಆಡುತ್ತಿದ್ದಾರೆಂದು ಮಿಷನ್ನಿಗೆ ಗೊತ್ತಾಗುತ್ತದೆ. ಮರೆತು ಹೋಗಬಾರದೆಂದು ಮುದುಕರೆಲ್ಲ ಅದನ್ನು ಸುರುಳಿ ದಾರಕ್ಕೆ ಸಿಕ್ಕಿಸಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ಚೆಸ್ಟರನ ಕಾರ್ಡಿನ ತೂತು ಹರಿದು ಬಹಳ ದಿನವಾಗಿತ್ತು; ಅದನ್ನು ಆ ರಬ್ಬರ್ ಬ್ಯಾಂಡಿನಿಂದ ದಾರಕ್ಕೆ ಬಿಗಿದುಕೊಂಡಿದ್ದ. ಹೊಸದು ಕೇಳಿದರೆ ಪುಕ್ಕಟೆಯಾಗಿ ಸಿಗುತ್ತಿತ್ತು. ಪುಕ್ಕಟೆ ಸಿಗುವುದನ್ನು ಬೇಡವೆಂದು ಬಿಟ್ಟಿದ್ದು ಅವನ ಎಪ್ಪತ್ತನಾಲ್ಕು ವರ್ಷದ ಬದುಕಿನಲ್ಲಿ ಅದೇ ಮೊದಲು.

ಕೇಳಲು ಹೋಗದಿರುವುದಕ್ಕೆ ಕಾರಣವಿತ್ತು. ಆ ಕಾರ್ಡಿನ ಮೇಲಿದ್ದ ಹೆಸರು ಇರ್ಮಾ ವೊಯ್ನಾರ್. ಇರ್ಮಾ ಅವನ ಹೆಂಡತಿ, ತೀರಿಕೊಂಡು ಎರಡು ವರ್ಷವಾಗಿತ್ತು.

ಸತ್ತ ಮೇಲೆ ಒಬ್ಬರ ಹೆಸರು ಎಷ್ಟು ಬೇಗ ಅಳಿಸಿಹೋಗುತ್ತದೆ ಎಂಬುದನ್ನು ಚೆಸ್ಟರ್ ಆ ಎರಡು ವರ್ಷಗಳಲ್ಲಿ ಕಣ್ಣಾರೆ ಕಂಡಿದ್ದ. ಮೊದಲು ಬ್ಯಾಂಕಿನವರು ತೆಗೆದರು. ಆಮೇಲೆ ಟೆಲಿಫೋನಿನವರು, ಹಲ್ಲಿನ ಡಾಕ್ಟರು, ಲೈಬ್ರರಿಯವರು. ಚರ್ಚಿನವರು ಅವಳನ್ನು ಒಂದು ಪಟ್ಟಿಯಿಂದ ತೆಗೆದು ಇನ್ನೊಂದು ಪಟ್ಟಿಗೆ ಸೇರಿಸಿದರು. ಇಡೀ ಅಮೆರಿಕಾ ದೇಶದಲ್ಲಿ ಇರ್ಮಾ ಬದುಕಿದ್ದಾಳೆ ಎಂದು ನಂಬಿಕೊಂಡಿದ್ದದ್ದು ಒಂದು ಜೂಜಿನ ಮನೆ ಮಾತ್ರ. ಪ್ರತಿ ಅಕ್ಟೋಬರಿನಲ್ಲಿ ಅಲ್ಲಿಂದ ಕಾಗದ ಬರುತ್ತಿತ್ತು: ಪ್ರಿಯ ಇರ್ಮಾ, ಹುಟ್ಟುಹಬ್ಬದ ಶುಭಾಶಯಗಳು, ಬನ್ನಿ, ಒಂದು ಊಟ ನಮ್ಮ ಲೆಕ್ಕದಲ್ಲಿ. ಚೆಸ್ಟರ್ ಆ ಊಟಕ್ಕೆ ಎಂದೂ ಹೋಗಲಿಲ್ಲ. ಅವನು ಜಿಪುಣ ನಿಜ, ಆದರೆ ಸತ್ತವಳ ತಟ್ಟೆಗೆ ಕೈಹಾಕುವಷ್ಟು ಅಲ್ಲ.

ಆರು ತಿಂಗಳು ಆಡದಿದ್ದರೆ ಕಾರ್ಡು ರದ್ದಾಗುತ್ತದೆ. ಅದಕ್ಕೇ ಅವನು ಮೂರು ತಿಂಗಳಿಗೊಮ್ಮೆ ಚರ್ಚಿನ ಬಸ್ಸಿನಲ್ಲಿ ಇಪ್ಪತ್ತೇ ಇಪ್ಪತ್ತು ಡಾಲರು ಇಟ್ಟುಕೊಂಡು ಹೊರಡುತ್ತಿದ್ದ. ಮೂವತ್ನಾಲ್ಕು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರು ನೋಡಿ ಬರೆದುಕೊಂಡವನು. ಯಾವುದು ಎಷ್ಟು ಹೊತ್ತು ಬರುತ್ತದೆ ಎಂಬ ಅಂದಾಜು ಅವನಿಗೆ ರಕ್ತದಲ್ಲೇ ಇತ್ತು. ಕಾಲು ಡಾಲರಿನ ವಿಡಿಯೋ ಪೋಕರ್ ಮಿಷನ್ನಿನಲ್ಲಿ ಒಂದು ಸಲಕ್ಕೆ ಒಂದೇ ನಾಣ್ಯದ ಪಣ ಕಟ್ಟಿ, ಐದು ಎಲೆ ಬಂದರೆ ನಿಧಾನವಾಗಿ ನೋಡಿ, ಬೇಕಾದ್ದು ಇಟ್ಟುಕೊಂಡು ಬೇಡದ್ದು ಬಿಟ್ಟು, ನಡುವೆ ಕನ್ನಡಕ ಒರೆಸಿಕೊಂಡು ಆಡಿದರೆ, ಇಪ್ಪತ್ತು ಡಾಲರಿನಲ್ಲಿ ನಾಲ್ಕು ಗಂಟೆ ಕಳೆಯಬಹುದು. ಗೆಲ್ಲುವ ಆಸೆ ಅವನಿಗೆ ಇರಲಿಲ್ಲ. ಕಾರ್ಡು ತೂರಿಸಿದೊಡನೆ ಮೇಲಿನ ಪುಟ್ಟ ನೀಲಿ ಪರದೆಯಲ್ಲಿ "ಸ್ವಾಗತ, ಇರ್ಮಾ!" ಎಂದು ಬರುತ್ತಿತ್ತು. ಆಮೇಲೆ ಆಗಾಗ "ಒಳ್ಳೆಯದಾಗಲಿ, ಇರ್ಮಾ!" ಎನ್ನುತ್ತಿತ್ತು. ಯಾರ ಕಣ್ಣಿಗೂ ಬೀಳಬಾರದೆಂದು ಅದರ ಮೇಲೆ ತನ್ನ ಟೋಪಿ ನೇತುಹಾಕಿ, ಬೇಕೆನಿಸಿದಾಗ ಎತ್ತಿ ನೋಡುತ್ತಿದ್ದ.

"ಏನೋ ಅದು ಹರಿದಿದ್ದು?" ಎಂದಳು ಬರ್ನಡೀನ್. ಅವಳು ಪಕ್ಕದ ಮನೆಯ ವಿಧವೆ, ಈ ಪ್ರವಾಸಗಳ ಯಜಮಾನಿತಿ. ಕೊರಳಲ್ಲಿ ಸೀಟಿ, ಕೈಯಲ್ಲಿ ಹೆಸರುಗಳ ಪಟ್ಟಿ, ಮೂವತ್ತೆಂಟು ಜನರ ಮಾತ್ರೆ ಡಬ್ಬಿಗಳ ಮೇಲೂ ಅವಳಿಗೆ ಕಣ್ಣು.

"ಏನೂ ಇಲ್ಲ, ರಬ್ಬರ್ ಬ್ಯಾಂಡು."

"ನನ್ ಹತ್ರ ಪಿನ್ನಿದೆ, ತಾ ಇಲ್ಲಿ, ಹಾಕ್ಕೊಡ್ತೀನಿ."

"ಬೇಡ ಬೇಡ!" ಎಂದು ಚೆಸ್ಟರ್ ಕಾರ್ಡನ್ನು ಅಂಗಿಯ ಜೇಬಿಗೆ ತುರುಕಿಕೊಂಡ. ಅಂದು ಅವಳ ಪಿನ್ನು ಹಾಕಿಸಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಹನ್ನೊಂದೂವರೆಯವರೆಗೆ ಎಲ್ಲ ಸುಸೂತ್ರವಾಗಿ ನಡೆಯಿತು. ಕಂಬದ ಪಕ್ಕದ ಮೂಲೆಯ ಮಿಷನ್ನು ಖಾಲಿ ಸಿಕ್ಕಿತು. ಅದೇ ಇರ್ಮಾ ಕೂರುತ್ತಿದ್ದ ಜಾಗ. ಮಡಿಲಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ಚಿನ ಪೊಟ್ಟಣ ಬಿಚ್ಚಿಟ್ಟುಕೊಂಡು ಇನ್ನೇನು ಒಂದು ತುತ್ತು ಕಚ್ಚಬೇಕು, ಬೆನ್ನ ಹಿಂದೆ ಬರ್ನಡೀನಳ ಸೆಂಟಿನ ವಾಸನೆ ಬಂತು. ತನ್ನ ದುಡ್ಡು ಕಳೆದುಕೊಂಡ ಮೇಲೆ ಅವಳು ಬೇರೆಯವರ ಆಟದ ಮೇಲ್ವಿಚಾರಣೆಗೆ ಹೊರಡುತ್ತಿದ್ದಳು. ಜೊತೆಗೆ ನಿವೃತ್ತ ಪೋಸ್ಟ್‌ಮ್ಯಾನ್ ಫ್ಲಾಯ್ಡ್ ಬೇರೆ.

"ಇನ್ನೂ ಒಂದೊಂದೇ ಕಾಸು ಹಾಕ್ತಾ ಕೂತಿದ್ಯಾ? ಥೂ! ಇರ್ಮಾ ಇದ್ದಿದ್ರೆ ನಾಚ್ಕೋತಿದ್ಲು."

"ಇರ್ಮಾನೂ ಒಂದೇ ಹಾಕ್ತಿದ್ದದ್ದು," ಎಂದ ಚೆಸ್ಟರ್, ಟೋಪಿ ಸರಿಮಾಡುತ್ತ.

"ನಿನ್ ಮುಂದೆ ಒಂದು. ನೀನು ಆ ಕಡೆ ತಿರುಗಿದ್ರೆ ಐದು. ಎಷ್ಟು ಸಲ ನೋಡಿದೀನಿ ನಾನು!"

ಚೆಸ್ಟರನ ಕೈ ಹಾಗೇ ನಿಂತಿತು. ಹತ್ತೊಂಬತ್ತು ವರ್ಷ ಅವನು ಹಾಕಿಕೊಟ್ಟ ಲೆಕ್ಕಕ್ಕಿಂತ ಇರ್ಮಾಳ ದುಡ್ಡು ಅರ್ಧ ಗಂಟೆ ಮೊದಲೇ ಮುಗಿಯುತ್ತಿತ್ತು. ಅವನು ಮಿಷನ್ನನ್ನು ಬೈದಿದ್ದ, ಕ್ಯಾಸಿನೋದವರನ್ನು ಬೈದಿದ್ದ, ಒಮ್ಮೆ ದೂರಿನ ಕಾಗದವನ್ನೂ ಬರೆದಿದ್ದ. ಆಗ ಇರ್ಮಾ ಪಕ್ಕದಲ್ಲಿ ಕೂತು ಕಾಗುಣಿತ ಬೇರೆ ತಿದ್ದಿಕೊಟ್ಟಿದ್ದಳು.

ಅವನು ಇದನ್ನು ನೆನೆಯುತ್ತ ಕೂತಿರುವಾಗಲೇ ಬರ್ನಡೀನ್ ಬಗ್ಗಿ, ಐದು ನಾಣ್ಯ ಒಟ್ಟಿಗೆ ಹಾಕುವ ಗುಂಡಿಯನ್ನು ಒತ್ತಿಬಿಟ್ಟಳು.

"ಏಯ್! ಒಂದೂಕಾಲು ಡಾಲರ್ ಕಣೇ ಅದು!"

"ಒಂದ್ ಸಲ ಹೋದ್ರೆ ಸಾಯಲ್ಲ ಬಿಡು."

ಪರದೆಯ ಮೇಲೆ ಐದು ಎಲೆ ಬಿದ್ದವು. ಆಟೀನ್ ಹತ್ತು. ಆಟೀನ್ ಗುಲಾಮ. ಕಳಾವರ್ ಮೂರು. ಆಟೀನ್ ರಾಣಿ. ಆಟೀನ್ ರಾಜ.

ಫ್ಲಾಯ್ಡ್ ಸದ್ದಿಲ್ಲದೆ ತನ್ನ ತಲೆಯ ಟೋಪಿ ತೆಗೆದ. ಆ ಕಳಾವರ್ ಮೂರನ್ನು ಬಿಟ್ಟು ಅದರ ಜಾಗದಲ್ಲಿ ಆಟೀನ್ ಎಕ್ಕ ಬಂದರೆ ಐದು ನಾಣ್ಯಕ್ಕೆ ಸಾವಿರ ಡಾಲರು. ಪೋಕರ್ ಆಡುವ ಮುದುಕರು ಸಾಯುವುದರೊಳಗೆ ಒಂದು ಸಲವಾದರೂ ಕಾಣಬೇಕೆಂದು ಹರಕೆ ಹೊರುವ ಎಲೆ ಅದು.

ಚೆಸ್ಟರನಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಸಣ್ಣಪುಟ್ಟದ್ದಾದರೆ ಮಿಷನ್ನೇ ಕೊಡುತ್ತದೆ. ಸಾವಿರವಾದರೆ ಮಿಷನ್ನು ತಾನೇ ಬೀಗ ಹಾಕಿಕೊಂಡು ಗಂಟೆ ಬಾರಿಸುತ್ತದೆ. ಕೋಟು ಹಾಕಿದವರು ಬರುತ್ತಾರೆ, ಗುರುತಿನ ಚೀಟಿ ತೋರಿಸಿ ಎನ್ನುತ್ತಾರೆ, ಕಾರ್ಡು ನೋಡುತ್ತಾರೆ. ಇರ್ಮಾ ಅನ್ನೋರು ಎಲ್ಲಿ ಸರ್, ಎಂದು ಕೇಳುತ್ತಾರೆ. ಅಲ್ಲಿಗೆ ಮುಗಿಯಿತು. ಆ ನೀಲಿ ಪರದೆಯೂ ಅವಳನ್ನು ಮರೆಯುತ್ತದೆ.

ಐದೂ ಎಲೆ ಬಿಟ್ಟುಬಿಡೋಣ ಎಂದುಕೊಂಡು ಅವನು, ಯಾವುದನ್ನೂ ಹಿಡಿಯದೆ, ಗುಂಡಿಯ ಕಡೆಗೆ ಬೆರಳು ಚಾಚಿದ.

"ಅಯ್ಯೋ ಪುಣ್ಯಾತ್ಮ! ಬುದ್ಧಿಗಿದ್ಧಿ ಇದ್ಯೇನೋ ನಿಂಗೆ?" ಬರ್ನಡೀನ್ ಅವನ ಕೈಯ ಮೇಲೆ ಫಟಾರನೆ ಬಾರಿಸಿದಳು. ಟಕಟಕನೆ ನಾಲ್ಕು ಆಟೀನನ್ನೂ ಹಿಡಿದು, ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಗುಂಡಿ ಒತ್ತಿದಳು.

ಆಟೀನ್ ಎಕ್ಕ ಬಂತು.

ಮಿಷನ್ನು ಬೆಂಕಿ ಬಿದ್ದ ಮನೆಯ ಹಾಗೆ ಬಡಿದುಕೊಳ್ಳತೊಡಗಿತು. ಚೆಸ್ಟರ್ ಕಾರ್ಡನ್ನು ಸರಕ್ಕನೆ ಕಿತ್ತ. ಅಂಗಿಗೆ ಜೇಬಿದೆ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲೇ ಇಲ್ಲ; ಮಡಿಲಲ್ಲಿದ್ದ ಸ್ಯಾಂಡ್‌ವಿಚ್ಚಿನ ಎರಡು ಬ್ರೆಡ್ಡುಗಳ ನಡುವೆ, ಮೊಟ್ಟೆಯೊಳಕ್ಕೆ, ಅದನ್ನು ತೂರಿಸಿ ಪೊಟ್ಟಣ ಮಡಿಚಿಟ್ಟ. ಎಲ್ಲರ ಕಣ್ಣೂ ಎಕ್ಕದ ಮೇಲಿದ್ದುದರಿಂದ ಯಾರೂ ನೋಡಲಿಲ್ಲ.

ಐದು ನಿಮಿಷದಲ್ಲಿ ಅರ್ಧ ಬಸ್ಸೇ ಅಲ್ಲಿ ನೆರೆಯಿತು. ಮೇಲ್ವಿಚಾರಕ ಡೆಲ್ರಾಯ್ ಬಂದ, ತುಂಬ ಮರ್ಯಾದಸ್ಥ ಮನುಷ್ಯ.

"ಕಂಗ್ರಾಜುಲೇಷನ್ಸ್ ಸರ್. ನಿಮ್ ಕಾರ್ಡು, ಗುರುತಿನ ಚೀಟಿ ಸ್ವಲ್ಪ ಕೊಡ್ತೀರಾ?"

"ಗೆದ್ದಿದ್ದು ನಾನಲ್ಲ," ಎಂದ ಚೆಸ್ಟರ್. "ಗುಂಡಿ ಒತ್ತಿದ್ದು ಈಕೆ. ಒತ್ತಿದವರಿಗೇ ದುಡ್ಡು ಅಂತ ನಿಮ್ಮಲ್ಲಿ ಕಾನೂನಿದೆಯಲ್ಲ?"

"ಇದೆ ಸರ್. ದುಡ್ಡು ಯಾರದೇ ಇರ್ಲಿ, ಕೊನೇ ಗುಂಡಿ ಒತ್ತಿದವ್ರಿಗೇ."

"ಏ, ಸುಮ್ನಿರೋ!" ಬರ್ನಡೀನ್ ಮುನ್ನುಗ್ಗಿದಳು. "ನಾನ್ಯಾಕೆ ಒತ್ಲಿ? ಅಂದ್ರೆ ಒತ್ತಿದೆ. ಆದ್ರೆ ಬೆರಳು ಮಾತ್ರ ನಂದು. ಕಾಸು ಅವಂದು, ಮಿಷನ್ ಅವಂದು, ಅದೃಷ್ಟ ಅವಂದು!"

"ಬರ್ಕೊಳ್ಳಿ, ನಾನು ಸಾಕ್ಷಿ," ಎಂದ ಫ್ಲಾಯ್ಡ್. "ಮೂವತ್ತು ವರ್ಷ ಅಂಚೆ ಹಂಚಿದೀನಿ, ಒಬ್ಬರ ಕಾಗದ ಇನ್ನೊಬ್ಬರ ಮನೆಗೆ ಹಾಕಿಲ್ಲ. ಈ ದುಡ್ಡು ಚೆಸ್ಟರಂದು."

ಹಿಂದಿನಿಂದ ಇನ್ನಷ್ಟು ಜನ ಹೂಂಗುಟ್ಟಿದರು. ಸುಳ್ಳು ಹೇಳಿ ಸಾವಿರ ಡಾಲರು ಹೊಡೆಯುವವರನ್ನು ಆ ಕ್ಯಾಸಿನೋ ಬೇಕಾದಷ್ಟು ಕಂಡಿತ್ತು. ನಿಜ ಹೇಳಿ ಸಾವಿರ ಡಾಲರನ್ನು ಇನ್ನೊಬ್ಬರ ಕೊರಳಿಗೆ ಕಟ್ಟಲು ಜಗಳವಾಡುವವರನ್ನು ಡೆಲ್ರಾಯ್ ಕಂಡದ್ದು ಅದೇ ಮೊದಲು. ಅವನು ಫೋನಿನಲ್ಲಿ ಮಾತಾಡಿ, ಮಾಡಿನ ಕ್ಯಾಮರಾ ಏನು ಹೇಳುತ್ತದೋ ನೋಡೋಣವೆಂದ.

ಕಾದ ಹತ್ತು ನಿಮಿಷ ಚೆಸ್ಟರ್ ಸ್ಯಾಂಡ್‌ವಿಚ್ಚನ್ನು ಎದೆಗವಚಿಕೊಂಡು ನಿಂತಿದ್ದ. ಸಾವಿರ ಡಾಲರು! ಒಂದು ಚಳಿಗಾಲವಿಡೀ ಮನೆ ಬೆಚ್ಚಗಿಡುವಷ್ಟು ಎಣ್ಣೆ. ಹೊಟ್ಟೆ ಉರಿಯದೆ ಇರಲಿಲ್ಲ. ಆದರೂ ಅವನು ಮನಸ್ಸಿನಲ್ಲೇ ಪ್ರಾರ್ಥಿಸುತ್ತಿದ್ದದ್ದು, ದೇವರೇ, ಇದನ್ನು ನನಗೆ ಕೊಡಬೇಡ ಎಂದು.

"ಬೆರಳು ಆ ಮೇಡಂದೇ," ಎಂದ ಡೆಲ್ರಾಯ್. "ಸಾರಿ ಸರ್."

"ದೇವರು ದೊಡ್ಡವನು," ಎಂದು ಚೆಸ್ಟರ್ ಉಸಿರುಬಿಟ್ಟ.

ಇಂಥ ನಿಸ್ವಾರ್ಥಿಯನ್ನು ಯಾರೂ ಕಂಡಿರಲಿಲ್ಲ. ಬರ್ನಡೀನ್ ಗೊಳೋ ಎಂದು ಅತ್ತಳು. ದುಡ್ಡು ಎಣಿಸಿಕೊಂಡು ಬಂದವಳೇ ಕುರ್ಚಿಯ ಪಕ್ಕ ನಿಂತು ಸೀಟಿ ಊದಿದಳು.

"ಅರ್ಧ ಚೆಸ್ಟರಂದು! ಅವ್ನು ಸತ್ರೂ ಕೈ ಚಾಚಲ್ಲ ಅಂತ ನಂಗೊತ್ತು. ಅದಕ್ಕೇ ಅವನ ಪಾಲಲ್ಲಿ ಇವತ್ತು ಬಸ್ಸಿಗೆಲ್ಲ ಊಟ!"

ಚೆಸ್ಟರ್ ಬಾಯಿ ತೆರೆದ. ಕೈ ಚಾಚಲು ಅವನು ತಯಾರಾಗಿಯೇ ಇದ್ದ. ಅಷ್ಟರಲ್ಲಿ ಚಪ್ಪಾಳೆ ಬಿತ್ತು, ಯಾರೋ ಬೆನ್ನು ತಟ್ಟಿದರು, ಬಾಯಿ ಮುಚ್ಚಿಕೊಂಡ. ಮೂವತ್ತೆಂಟು ಜನ ಅವನ ಐನೂರು ಡಾಲರಿನ ಸೀಗಡಿ, ಏಡಿ, ಮೂರು ಬಗೆಯ ಕಡುಬು ತಿಂದರು. ಚೆಸ್ಟರ್ ಸ್ಯಾಂಡ್‌ವಿಚ್ಚನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

"ಈ ದಿನಾನೂ ಆ ಒಣಗಿದ ಬ್ರೆಡ್ಡೇ ತಿಂತೀಯೇನೋ?" ಬರ್ನಡೀನ್ ಪೊಟ್ಟಣ ಕಿತ್ತುಕೊಂಡಳು. "ಎಸೀತೀನಿ ತಡಿ."

"ಬೇಡ! ಅದು ನಂಗೆ ಬೇಕು! ಬರ್ನಡೀನ್!"

"ಮಾತಾಡು ಚೆಸ್ಟರ್, ಎರಡು ಮಾತು ಆಡು," ಎಂದು ಫ್ಲಾಯ್ಡ್ ಅವನನ್ನು ರಟ್ಟೆ ಹಿಡಿದು ನಿಲ್ಲಿಸಿದ. ಎಲ್ಲರೂ ಚಮಚಗಳಿಂದ ಲೋಟ ಬಡಿದರು. ಚೆಸ್ಟರ್ ಏನು ಮಾತಾಡಿದನೋ ಅವನಿಗೇ ತಿಳಿಯದು. ಬಿಡಿಸಿಕೊಂಡು ಓಡಿದಾಗ ಕಸದ ಡಬ್ಬಿಯ ಹತ್ತಿರ ಬರ್ನಡೀನ್ ಇರಲಿಲ್ಲ. ಅಂಗಿಯ ತೋಳು ಮಡಿಚಿ ಡಬ್ಬಿಗೆ ಕೈಹಾಕಿದ. ಏಡಿ ಚಿಪ್ಪಿನ ಕೆಳಗೆ ಬ್ರೆಡ್ಡು ಸಿಕ್ಕಿತು, ಮೊಟ್ಟೆ ಸಿಕ್ಕಿತು, ಪೊಟ್ಟಣ ಸಿಕ್ಕಿತು. ಕಾರ್ಡು ಸಿಗಲಿಲ್ಲ. ಮಧ್ಯಾಹ್ನವೆಲ್ಲ ಅವನು ಒಂದೊಂದೇ ಡಬ್ಬಿಯನ್ನು ಹುಡುಕಿದ. ದುಡ್ಡು ಹೋದ ದುಃಖಕ್ಕೆ ಪಾಪ ಹೀಗಾಗಿದ್ದಾನೆ ಎಂದು ಬಸ್ಸಿನವರು ಮರುಗಿದರು.

ನಾಲ್ಕಕ್ಕೆ ಬಸ್ಸು ಹೊರಟಿತು. ಸಮುದ್ರ ಮರೆಯಾಗುತ್ತಲೇ ಬರ್ನಡೀನ್ ಮೈಕು ಹಿಡಿದಳು.

"ಚೆಸ್ಟರ್, ಎದ್ದು ನಿಂತ್ಕೋ. ನಿನ್ ಗುಟ್ಟು ನಂಗೊತ್ತಾಯ್ತು."

ಅವನು ಎದ್ದು ನಿಂತ.

"ಎಸೆಯೋಕೆ ಹೋದ್ರೆ ಬ್ರೆಡ್ಡೊಳಗಿಂದ ಏನು ಬಿತ್ತು ಗೊತ್ತಾ? ಇರ್ಮಾ ಕಾರ್ಡು! ಎರಡು ವರ್ಷದಿಂದ ಈ ಮನುಷ್ಯ ಹರಿದ ಕಾರ್ಡಲ್ಲೇ ಆಡ್ತಿದಾನೆ, ಒಂದು ಮಾತು ಕೇಳೋಕೆ ಸಂಕೋಚ! ನಾನೇ ಕಾರ್ಡು ಕೊಡೋ ಕಿಟಕಿಗೆ ಹೋದೆ. ಇವತ್ತು ಗೆದ್ದೋಳು ನೋಡು, ಓಡೋಡಿ ಬಂದ್ರು. ಇವನ ಹೆಸರೂ ಎರಡನೇದಾಗಿ ಅವ್ರ ಪುಸ್ತಕದಲ್ಲೇ ಇತ್ತಂತೆ. ಮೊದಲನೇದು ತೆಗ್ದುಬಿಟ್ರೆ ಸಾಕಾಯ್ತು. ಕಿಟಕೀಲಿದ್ದ ಹೆಂಗಸು ಎಷ್ಟು ನೊಂದ್ಕೊಂಡ್ಲು ಗೊತ್ತಾ? ತೀರ್ಕೊಂಡಿದ್ದು ಅವ್ರಿಗೆ ಯಾರೂ ಹೇಳೇ ಇರ್ಲಿಲ್ವಂತೆ! ಇನ್ಮೇಲೆ ಆ ಹುಟ್ಟುಹಬ್ಬದ ಕಾಗದ ಬಂದು ನಿನ್ ಕರುಳು ಕಿವುಚಲ್ಲ, ಚೆಸ್ಟರ್. ಎಲ್ಲಾ ಸರಿಮಾಡಿದೀನಿ."

ಥಳಥಳಿಸುವ ಹೊಸ ಕಾರ್ಡು ಕೈಯಿಂದ ಕೈಗೆ ದಾಟಿ ಅವನ ಸೀಟಿಗೆ ಬಂತು. ಮೇಲೆ ಅವನದೇ ಹೆಸರು. ಬಸ್ಸೆಲ್ಲ ಅವನ ಮುಖ ನೋಡುತ್ತಿತ್ತು. ಬರ್ನಡೀನಳ ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ಅವಳ ಮೇಲೆ ಸಿಟ್ಟು ಮಾಡುವುದಕ್ಕೂ ದಾರಿಯಿರಲಿಲ್ಲ. ಚೆಸ್ಟರನಿಗೆ ಇರ್ಮಾ ಇನ್ನೊಂದು ಸಲ ಸತ್ತಂತೆ ದುಃಖವಾಯಿತು.

"ತುಂಬ ಉಪಕಾರವಾಯ್ತು, ಬರ್ನಡೀನ್," ಎಂದ. ಆಮೇಲೆ ಕೇಳಿದ, "ಹಳೇದು?"

"ಅದನ್ನ ಅವ್ರೇ ಇಟ್ಕೋತೀವಿ ಅಂದ್ರು. ನಿಂಗೆ ಬೇಕಾಗಬಹುದು ಅಂತ ಬೇಡಿ ತಂದೆ. ಯಾರೂ ಉಪಯೋಗಿಸ್ಬಾರ್ದು ಅಂತ ತೂತು ಹೊಡೆದು ಕೊಟ್ಟಿದಾರೆ, ಬೇಜಾರು ಮಾಡ್ಕೋಬೇಡ."

ಹಳೆಯದೂ ಕೈಯಿಂದ ಕೈಗೆ ದಾಟಿ ಬಂತು. ಅದನ್ನು ಹಿಡಿದು ಚೆಸ್ಟರ್ ಕೂತುಕೊಂಡ. ಕಾರ್ಡಿನ ಮೂಲೆಯಲ್ಲಿ ಇನ್ನೂ ಸ್ವಲ್ಪ ಮೊಟ್ಟೆ ಮೆತ್ತಿಕೊಂಡಿತ್ತು, ಕರ್ಚೀಫಿನಿಂದ ಒರೆಸಿದ. ಕ್ಯಾಸಿನೋದವರ ತೂತು ದುಂಡಗೆ, ಅಚ್ಚುಕಟ್ಟಾಗಿತ್ತು, ಇರ್ಮಾ ಎಂಬ ಅಕ್ಷರಗಳನ್ನು ಮುಟ್ಟಿರಲಿಲ್ಲ. ಕೊರಳಿನ ಸುರುಳಿ ದಾರದ ಕೊಕ್ಕೆಯನ್ನು ಅದರಲ್ಲಿ ಸಿಕ್ಕಿಸಿ, ಎರಡು ಸಲ ಜಗ್ಗಿ ನೋಡಿದ. ಗಟ್ಟಿಯಾಗಿ ಕೂತಿತು.

"ನೋಡಿದ್ಯಾ," ಎಂದಳು ಪಟ್ಟಿ ಹಿಡಿದು ಪಕ್ಕದಲ್ಲಿ ಹಾದುಹೋದ ಬರ್ನಡೀನ್, "ಈಗ ರಬ್ಬರ್ ಬ್ಯಾಂಡೂ ಬೇಕಾಗಿಲ್ಲ."