ಒಂದು ಬೆಳಿಗ್ಗೆಗೆ ನಲವತ್ತೆರಡು ಸಾವಿರ ಸಾಲು

ಒಂದು ಸೋಮವಾರ ಬೆಳಿಗ್ಗೆ, ಮೇಜಿನ ಮೇಲಿಟ್ಟ ಕಾಫಿ ಆರುವುದರೊಳಗೆ, ಒಬ್ಬ ಮನುಷ್ಯ ನಲವತ್ತೆರಡು ಸಾವಿರದ ನೂರಾ ಎಂಬತ್ತಾರು ಸಾಲು ಪ್ರೋಗ್ರಾಂ ಬರೆದು ಮುಗಿಸಿದ. ಕೀಬೋರ್ಡಿನಿಂದ ಹೊಗೆ ಎದ್ದಿತು, ಪಕ್ಕದವರು ಕೆಮ್ಮುತ್ತ ಕಿಟಕಿ ತೆರೆದರು. ಹೊಗೆಯ ಮಾತನ್ನು ಬೇಕಾದರೆ ನಂಬಬೇಡಿ. ಆದರೆ ಸಾಲುಗಳ ಲೆಕ್ಕ ನನ್ನದಲ್ಲ. ಕಚೇರಿಯ ದಾಖಲೆಯಲ್ಲಿ ಇವತ್ತಿಗೂ ಹಾಗೆಯೇ ಇದೆ.

ಆ ಮಹಾನುಭಾವನನ್ನು ಕಚೇರಿಯಲ್ಲಿ ಎಲ್ಲರೂ ಅಡಿಪಟ್ಟಿ ಎಂದು ಕರೆಯುತ್ತಿದ್ದರು. ಪೆನ್ನು, ಮೌಸು, ನೀರಿನ ಬಾಟಲಿ ಎಲ್ಲವೂ ಅವನ ಮೇಜಿನ ಅಂಚಿಗೆ ಸಮನಾಗಿ ನಿಂತಿರಬೇಕು. ಯಾರಾದರೂ ಒಂದನ್ನು ಸೊಟ್ಟಗಿಟ್ಟರೆ ಅವನಿಗೆ ಹಲ್ಲುನೋವು ಶುರುವಾಗುತ್ತಿತ್ತು. ಬಸ್ ನಿಲ್ದಾಣಗಳಲ್ಲಿ ಮುಂದಿನ ಬಸ್ಸು ಎಷ್ಟು ನಿಮಿಷದಲ್ಲಿ ಬರುತ್ತದೆಂದು ತೋರಿಸುವ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವ ಕಚೇರಿ ಅದು. ಅಡಿಪಟ್ಟಿ ಸೇರಿ ಎಂಟು ತಿಂಗಳಾಗಿತ್ತು. ಅವನ ಕೆಲಸ ಖಾಯಮ್ಮೋ, ಅಥವಾ ಅವನು ಮನೆಗೋ ಎಂದು ಮ್ಯಾನೇಜರು ಹೇಳಬೇಕಾಗಿದ್ದದ್ದು ಅವತ್ತೇ, ಸಂಜೆ ನಾಲ್ಕಕ್ಕೆ.

ಎಲ್ಲ ಶುರುವಾದದ್ದು ನಾಲ್ಕು ಖಾಲಿ ಜಾಗದಿಂದ. ಎಂಟರ್ ಒತ್ತಿದರೆ ಕರ್ಸರು ಕೆಳಗಿನ ಸಾಲಿಗಿಳಿದು, ನಾಲ್ಕು ಜಾಗ ಒಳಕ್ಕೆ ಸರಿದು ನಿಲ್ಲಬೇಕು. ಅವನು ಪ್ರೋಗ್ರಾಂ ಬರೆಯುವ ಎಡಿಟರಿನಲ್ಲಿ ಅದು ಒಮ್ಮೆ ಎಂಟು ಜಾಗ ಹಾರುತ್ತಿತ್ತು, ಇನ್ನೊಮ್ಮೆ ಅಂಚಿಗೇ ಅಂಟಿಕೊಳ್ಳುತ್ತಿತ್ತು, ಮದುವೆಮನೆಯಲ್ಲಿ ಯಾರ ಪಕ್ಕ ಕೂರಬೇಕೆಂದು ತಿಳಿಯದ ದೂರದ ನೆಂಟನ ಹಾಗೆ. ಕಾರಣ, ಪಕ್ಕದ ಮೇಜಿನ ದೊಡ್ಡಕ್ಕ. ಹದಿನಾಲ್ಕು ವರ್ಷದಿಂದ ಅಲ್ಲೇ ಕೂತಿದ್ದ ಆಕೆ ಸಾಲನ್ನು ಒಳಕ್ಕೆ ಸರಿಸಲು ಟ್ಯಾಬ್ ಒತ್ತುವವರು. ಇವನು ಸ್ಪೇಸ್ ಒತ್ತುವವನು. ಒಂದೇ ಕಡತದಲ್ಲಿ ಎರಡೂ ಬೆರೆತು ಎಡಿಟರಿಗೆ ತಲೆ ಕೆಟ್ಟಿತ್ತು.

"ಸೆಟ್ಟಿಂಗಲ್ಲಿ ಒಂದು ಸಾಲು ಹಾಕ್ಕೋ, ತಾನೇ ಸರಿಯಾಗುತ್ತೆ," ಎಂದು ದೊಡ್ಡಕ್ಕ ತಮ್ಮ ಪರದೆಯನ್ನೇ ತಿರುಗಿಸಿ ತೋರಿಸಿದರು. "ನಿನ್ನ ಕಡತಕ್ಕೆ ಮಾತ್ರ ಹಾಕಪ್ಪ."

"ನನ್ನದಕ್ಕೆ ಮಾತ್ರ ಯಾಕಕ್ಕಾ? ಒಂದ್ಸಲ ಸೇವ್ ಅಂದ್ರೆ ಇಡೀ ಕಚೇರಿ ಕಡತಗಳೆಲ್ಲ ಸಾಲಾಗಿ ನಿಲ್ಬೇಕು, ಹಾಗೆ ಮಾಡ್ತೀನಿ ನೋಡ್ತಿರಿ. ನಾಲ್ಕು ಗಂಟೆಗೆ ಮ್ಯಾನೇಜರಿಗೆ ತೋರ್ಸೋಕೂ ಒಂದು ಆಯ್ತು."

ಆ ಒಂದು ಸಾಲನ್ನು ನೋಡಿಕೊಂಡು ಬರೆದ, ಸೇವ್ ಒತ್ತಿದ. ಆರುನೂರು ಕಡತಗಳು ಡ್ರಿಲ್ ಮೇಷ್ಟರ ಸೀಟಿ ಕೇಳಿದಂತೆ ಎದೆ ಸೆಟೆಸಿ ನಿಂತವು. ಎಲ್ಲರ ಪ್ರೋಗ್ರಾಮೂ ಇರುವ ಸರ್ವರಿಗೆ ಅವನ್ನು ಕಳಿಸಿ, ಪರೀಕ್ಷಿಸುವ ಕೆಲಸದ ಟೆಸ್ಟರಮ್ಮನಿಗೆ ತಿಳಿಸಿದ. ಆಕೆ ಉಗುರಿಗೆ ಬಣ್ಣ ಹಚ್ಚುತ್ತಲೇ ಒಂದು ನೋಟ ನೋಡಿ, "ಬರೀ ಖಾಲಿ ಜಾಗ ತಾನೆ ಬದಲಾಗಿರೋದು? ಹೋಗ್ಲಿ ಬಿಡಿ," ಎಂದು ಒಪ್ಪಿಗೆ ಕೊಟ್ಟರು. ಅರ್ಧ ಗಂಟೆಯಲ್ಲಿ ಹೊಸ ಪ್ರೋಗ್ರಾಮು ಊರಿನ ಬೋರ್ಡುಗಳಿಗೆಲ್ಲ ಹೋಗಿ ಕೂತಿತು.

ಆ ಸರ್ವರಿಗೆ ಒಂದು ಚಾಳಿಯಿತ್ತು. ಪ್ರತಿ ಸಾಲಿನ ಪಕ್ಕದಲ್ಲೂ ಅದನ್ನು ಕೊನೆಗೆ ಮುಟ್ಟಿದವರ ಹೆಸರನ್ನು ಅದು ಬರೆದಿಡುತ್ತದೆ. ಒಂದು ಖಾಲಿ ಜಾಗ ಸರಿಸಿದರೂ ಮುಟ್ಟಿದಂತೆಯೇ. ಯಾವುದೇ ತಪ್ಪು ಸಿಕ್ಕಿದರೆ, ಆ ಸಾಲಿನ ಪಕ್ಕದ ಹೆಸರಿನವರೇ ಅದಕ್ಕೆ ಉತ್ತರ ಹೇಳಬೇಕು.

ಹನ್ನೊಂದಕ್ಕೆ ಟೆಸ್ಟರಮ್ಮ ಬಂದರು. "ಮೂರು ವರ್ಷದಿಂದ ಹುಡುಕ್ತಿದ್ದ ತಪ್ಪು ಇವತ್ತು ಸಿಕ್ತು. ನಿಮ್ಮದೇ ಅಂತ ತೋರಿಸ್ತಿದೆ."

"ನಾನು ಸೇರಿ ಎಂಟೇ ತಿಂಗಳು ಮೇಡಂ."

"ಅಂದ್ರೆ ಸೇರೋಕೆ ಮೊದಲೇ ಮಾಡಿದ್ದೀರಿ. ಮುಂದಾಲೋಚನೆ ಇದೆ ನಿಮಗೆ."

ಹನ್ನೊಂದೂವರೆಗೆ ಅಂಥ ಇಪ್ಪತ್ತು ಹಳೇ ತಪ್ಪು ಅವನ ಹೆಸರಿಗೆ ಬಂದವು, ಹನ್ನೆರಡಕ್ಕೆ ನೂರು. ದೊಡ್ಡಕ್ಕ ಒಂಬತ್ತು ವರ್ಷದ ಹಿಂದೆ ಸಿಟ್ಟಿನಲ್ಲಿ ಪ್ರೋಗ್ರಾಮಿನ ನಡುವೆ ಬರೆದಿಟ್ಟಿದ್ದ 'ಹೀಗೆ ಮಾಡಿಸಿದ ಮ್ಯಾನೇಜರಿಗೆ ತಲೆ ಇಲ್ಲ' ಎಂಬ ಟಿಪ್ಪಣಿಯ ಪಕ್ಕದಲ್ಲೂ ಈಗ ಇವನ ಹೆಸರೇ. ಅವನ ಕಿವಿ ಎಷ್ಟು ಕೆಂಪಾಯಿತೆಂದರೆ, ಅದರ ಬೆಳಕಿನಲ್ಲಿ ಪತ್ರಿಕೆ ಓದಬಹುದಿತ್ತು.

ಆಗ ಫೋನು ಹೊಡೆದುಕೊಂಡಿತು. ಅವನ ಮನೆಯಲ್ಲೇ ಇರುವ ಮಾವ. ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದವರು.

"ಅಳಿಯಂದಿರೇ, ಇಲ್ಲಿ ಬೋರ್ಡಲ್ಲಿ ಎಲ್ಲಾ ಬಸ್ಸೂ 'ಇಂದು ಬರುವುದಿಲ್ಲ' ಅಂತ ಬರ್ತಿದೆ. ಆದ್ರೆ ಬಸ್ಸು ಬರ್ತಾ ಇದೆಯಲ್ಲ?"

"ಬಂದ್ರೆ ಹತ್ತಿ ಮಾವ."

"ಹೇಗೆ ಹತ್ತೋದು? ಬೋರ್ಡು ನಮ್ಮ ಅಳಿಯ ಮಾಡಿದ್ದು, ಸುಳ್ಳು ಹೇಳೋದಿಲ್ಲ ಅಂತ ಇಲ್ಲಿರೋರಿಗೆಲ್ಲ ಹೇಳಿದ್ದೀನಿ. ಮೂರು ಬಸ್ಸು ಬಂದ್ವು. ಮೂರಕ್ಕೂ ಯಾರನ್ನೂ ಹತ್ತೋಕೆ ಬಿಟ್ಟಿಲ್ಲ. ಡ್ರೈವರ್ ಬಾಗಿಲು ತೆಗೆದು ಬೈದ. 'ನಿಂದು ಬರದೇ ಇರೋ ಬಸ್ಸಪ್ಪ, ಹೋಗು' ಅಂತ ಕಳಿಸಿದೆ."

ಅಡಿಪಟ್ಟಿಗೆ ಮೇಜಿನ ಕೆಳಗೆ ಹೊಕ್ಕುಬಿಡೋಣ ಎನಿಸಿತು.

"ಹೀಗೆ ಕೆಡಿಸಿದೋನು ಯಾರು? ಹೆಸರು ಹೇಳಿ, ಕಾಗದ ಬರೀತೀನಿ."

"ಯಾರೋ... ಹೊಸಬ ಮಾವ," ಎಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ತಪ್ಪನ್ನು ಹುಡುಕಿ ಕೊಟ್ಟವರು ದೊಡ್ಡಕ್ಕನೇ. ಆ ಕಚೇರಿಯಲ್ಲಿ ಪ್ರೋಗ್ರಾಂ ಬರೆಯುವ ಭಾಷೆಯಲ್ಲಿ ಸಾಲಿನ ಮುಂದೆ ಬಿಟ್ಟ ಜಾಗಕ್ಕೂ ಅರ್ಥವಿದೆ. 'ಬಸ್ಸು ರದ್ದಾಗಿದ್ದರೆ' ಎಂಬ ಸಾಲಿನ ಕೆಳಗೆ ಒಳಕ್ಕೆ ಸರಿದು ನಿಂತ ಸಾಲು, ರದ್ದಾದಾಗ ಮಾತ್ರ ಕೆಲಸ ಮಾಡುತ್ತದೆ. 'ಇಂದು ಬರುವುದಿಲ್ಲ ಎಂದು ತೋರಿಸು' ಎಂಬುದು ಹಾಗೆ ನಿಂತಿದ್ದ ಸಾಲು. ಇವನ ಶಿಸ್ತು ಅದನ್ನು ಕತ್ತು ಹಿಡಿದು ಅಂಚಿಗೆ ಎಳೆದಿತ್ತು. ಅಲ್ಲಿಗೆ ಬಂದ ಮೇಲೆ ಅದು ಎಲ್ಲ ಬಸ್ಸಿಗೂ ಅನ್ವಯ. ನಾಲ್ಕು ಸಲ ಸ್ಪೇಸ್ ಒತ್ತಿ ಅದನ್ನು ಒಳಕ್ಕೆ ತಳ್ಳುವ ಹೊತ್ತಿಗೆ ಒಂದು ಗಂಟೆ. ಊರಿನ ಅರ್ಧ ಜನ ನಡೆದುಕೊಂಡೇ ಹೋಗಿದ್ದರು.

ಅವನು ಊಟಕ್ಕೆ ಏಳಲಿಲ್ಲ. ಎದ್ದರೆ ಯಾರ ಮುಖ ನೋಡುವುದು? ಎಲ್ಲ ಒಪ್ಪಿಕೊಂಡುಬಿಡುವುದೆಂದು ತೀರ್ಮಾನಿಸಿದ. ಕೆಲಸ ಹೋದರೆ ಹೋಗಲಿ.

ನಾಲ್ಕಕ್ಕೆ ಮ್ಯಾನೇಜರ ಕೋಣೆಯಲ್ಲಿ ಎಲ್ಲರೂ ಸೇರಿದರು. ಅಡಿಪಟ್ಟಿ ನೆಲ ನೋಡುತ್ತ ಒಂದೇ ಉಸಿರಿಗೆ ಹೇಳಿದ: "ಸಾರ್, ಬೋರ್ಡು ಕೆಡಿಸಿದ್ದು ನಾನೇ. ನಲವತ್ತೆರಡು ಸಾವಿರ ಸಾಲೂ ಬರೀ ಖಾಲಿ ಜಾಗ. ಈಗ ಮುನ್ನೂರ ಹದಿನಾರು ತಪ್ಪು ನನ್ನ ಹೆಸರಲ್ಲಿವೆ. ಹಳೇ ದಾಖಲೆ ವಾಪಸ್ ತರೋಕೆ ಎರಡು ನಿಮಿಷ ಸಾಕು ಸಾರ್. ತಂದ್ರೆ ಯಾವ ತಪ್ಪು ಯಾರದು ಅಂತ ಎಲ್ಲ ಸರಿಯಾಗಿ ಕಾಣುತ್ತೆ."

"ಎಲ್ಲರದೂ ಕಾಣುತ್ತಾ?" ಎಂದರು ಮ್ಯಾನೇಜರು. ಮ್ಯಾನೇಜರಾಗುವ ಮೊದಲು ಅವರೂ ಆರು ವರ್ಷ ಅಲ್ಲೇ ಪ್ರೋಗ್ರಾಂ ಬರೆದವರು. ಮುನ್ನೂರ ಹದಿನಾರರಲ್ಲಿ ಅರವತ್ತು ಆ ಕಾಲದವು.

"ಎಲ್ಲರದೂ ಸಾರ್."

ದೊಡ್ಡಕ್ಕನಿಗೆ ತಮ್ಮ ಟಿಪ್ಪಣಿ ನೆನಪಾಯಿತು. "ಅಯ್ಯೋ, ಇರ್ಲಿ ಬಿಡಪ್ಪ. ಸಾಲೆಲ್ಲ ಎಷ್ಟು ಚೆಂದ ಕಾಣ್ತಿದೆ, ಮತ್ತೆ ಯಾಕೆ ಕೆಡಿಸ್ತೀಯ?"

"ಹೌದೌದು," ಎಂದರು ಟೆಸ್ಟರಮ್ಮ, ಬೆಳಗಿನ ಒಪ್ಪಿಗೆಯನ್ನು ನೆನೆದು. "ಒಂದ್ಸಲ ಆದದ್ದು ಆಯ್ತು."

ಮ್ಯಾನೇಜರು ಎದ್ದು ಬಂದು ಅಡಿಪಟ್ಟಿಯ ಕೈ ಹಿಡಿದು ಕುಲುಕಿದರು. "ಇಷ್ಟು ಜವಾಬ್ದಾರಿ ಹೊತ್ತವರನ್ನ ನಾವು ಬಿಟ್ಟುಕೊಡೋಕೆ ಆಗುತ್ತಾ? ಇವತ್ತಿಂದ ನೀವು ಖಾಯಂ. ಈ ಮುನ್ನೂರ ಹದಿನಾರೂ ನಿಧಾನಕ್ಕೆ ನೋಡ್ಕೊಳ್ಳಿ, ಅವಸರ ಇಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಮನಃಪೂರ್ವಕವಾದ ಚಪ್ಪಾಳೆ ಆ ಕೋಣೆಯಲ್ಲಿ ಹಿಂದೆಂದೂ ಕೇಳಿಬಂದಿರಲಿಲ್ಲ.

ಮನೆಗೆ ಬಂದರೆ ಮಾವ ಎರಡು ಪುಟದ ಕಾಗದ ಹಿಡಿದು ಕಾಯುತ್ತಿದ್ದರು. "ಆ ಹೊಸಬನ್ನ ತೆಗೆದು ಹಾಕ್ಬೇಕು ಅಂತ ಬರ್ದಿದ್ದೀನಿ. ನೀವೇ ಕೊಟ್ಬಿಡಿ." ಕಾಗದದಲ್ಲಿ ಪ್ರತಿ ಪ್ಯಾರಾವೂ ಎರಡು ಬೆರಳು ಒಳಕ್ಕೆ ಸರಿದು ನಿಂತಿತ್ತು, ಒಂದೂ ಸೊಟ್ಟಗಿರಲಿಲ್ಲ. ಅಡಿಪಟ್ಟಿ ಅದನ್ನು ಮಡಚಿ ತನ್ನ ತಪ್ಪುಗಳ ಪಟ್ಟಿಗೆ ಸೇರಿಸಿದ, ಮುನ್ನೂರ ಹದಿನೇಳನೆಯದಾಗಿ.

ಇಲ್ಲಿಗೆ ಕತೆ ಮುಗಿಸಿ, ಆ ಬಡಪಾಯಿಯನ್ನು ನೋಡಿ ನಿಮ್ಮ ಜೊತೆ ನಾನೂ ಇನ್ನಷ್ಟು ನಗಬೇಕೆಂದಿದ್ದೆ. ಬರೆದ ಹಾಳೆಗಳನ್ನು ಊಟದ ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದದ್ದು ತಪ್ಪಾಯಿತು. ಬಂದು ನೋಡಿದರೆ ನನ್ನ ಮಾವ ಕೊನೆಯ ಹಾಳೆಯಲ್ಲಿದ್ದರು. ನಿಧಾನವಾಗಿ ಹೊಸ ಕನ್ನಡಕ ತೆಗೆದರು.

"ಇದರಲ್ಲಿ ಬರೋ ಮಾವನೂ ಮೂರೇ ಬಸ್ಸು ವಾಪಸ್ ಕಳಿಸಿದ್ದಾನಲ್ಲ, ಅಳಿಯಂದಿರೇ?"

ನಾನು ಟವೆಲ್ಲಿನ ಅಂಚುಗಳನ್ನು ಸಮ ಮಾಡುತ್ತ ನಿಂತೆ.

"ಆ ಹೊಸಬ ಯಾರು?"

"ನಾನೇ ಮಾವ."

"ಒಂದೇ ಬೆಳಿಗ್ಗೆ ಅಷ್ಟು ಸಾವಿರ ಸಾಲು ಬರೆದೋರೂ ನೀವೇನಾ?"

"ಇಲ್ಲ ಮಾವ. ಒಂದು. ಅದೂ ದೊಡ್ಡಕ್ಕನ ಪರದೆ ನೋಡಿಕೊಂಡು ಬರೆದದ್ದು."